ಪಂಚಮಿ ಜೋಕಾಲಿ ಮತ್ತು ಒಂದು ಗ್ರೀಕ್ ಪದ

ನಾನು ಕೈಯಾರೆ ಕಟ್ಟಿದ ಡೆಕ್ಕಿನ ಮೇಲೆ ನಮ್ಮವ್ವ ಕಳೆದ ಬೇಸಿಗೆಯಿಡೀ ಒಂದು ದಿನವೂ ಕಾಲಿಡಲಿಲ್ಲ. ಸಮಾಮಿಶ್ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಮನೆ ಇಳಿಜಾರಿನಲ್ಲಿದೆ. ರಸ್ತೆಯ ಕಡೆಯಿಂದ ನೋಡಿದರೆ ಒಂದೇ ಅಂತಸ್ತು, ಹಿತ್ತಲಿನಿಂದ ನೋಡಿದರೆ ಎರಡು. ಅಡುಗೆಮನೆಯ ಗಾಜಿನ ಬಾಗಿಲು ಸರಿಸಿದರೆ ಹೊರಗೆ ಚಾಚಿಕೊಂಡಿರುವ ಮರದ ಜಗಲಿಯೇ ಡೆಕ್. ಅದರ ಕೆಳಗೆ ಹತ್ತಡಿ ಖಾಲಿ ಜಾಗ, ಆಮೇಲೆ ಹುಲ್ಲು. ಊರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅವ್ವ ದಿನಾ ಬೆಳಿಗ್ಗೆ ಬಾಗಿಲಿನ ಒಳಗಡೆಯೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದಳು. ಹೊರಗೆ ಬಾ, ಬಿಸಿಲು ಬಿದ್ದಿದೆ ಎಂದರೆ, "ಇಲ್ಲೇ ಚೊಲೊ ಐತಿ ಬಿಡೋ" ಎನ್ನುವಳು. ಚಳಿಗೆ ಹೆದರುತ್ತಾರೆ ಎಂದು ನನ್ನ ಹೆಂಡತಿ ಅಂದುಕೊಂಡಳು. ಎತ್ತರಕ್ಕೆ ಹೆದರುತ್ತಾಳೆ ಎಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಡೆಕ್ ಕಟ್ಟುವ ಹುಚ್ಚು ನನ್ನ ತಲೆಗೆ ಹತ್ತಿದ್ದು ಒಂದು ಗ್ರೀಕ್ ಪದದಿಂದ. ನಗುವವರು ನಗಲಿ. ಇಲ್ಲಿಯ ಫ್ಯಾಕ್ಟೋರಿಯಾ ಬಡಾವಣೆಯ ಒಂದು ಆಫೀಸಿನಲ್ಲಿ ನಾನು ಬಹಳ ವರ್ಷಗಳಿಂದ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷ ನಾನು ಮಾಡಿದ್ದರಲ್ಲಿ ಒಂದನ್ನೂ ಕೈಯಲ್ಲಿ ಹಿಡಿದು ನೋಡಲಾಗುವುದಿಲ್ಲ. ಆ ಬೇಸರಕ್ಕೆ ವಸಂತದಲ್ಲಿ ಹತ್ತಿರದ ಕಾಲೇಜಿನಲ್ಲಿ ಸಂಜೆಯ ಒಂದು ತರಗತಿಗೆ ಸೇರಿಕೊಂಡೆ. ಹಳೆಯ ಗ್ರೀಕರ ವಿಚಾರಗಳ ಬಗ್ಗೆ ಐದು ವಾರ. ನಿವೃತ್ತಿಯಾದ ಮೇಷ್ಟ್ರೊಬ್ಬರು, ಮೈತುಂಬ ಸ್ವೆಟರ್, ಮೊದಲ ದಿನವೇ ಬೋರ್ಡಿನ ಮೇಲೆ ಒಂದೇ ಪದ ಬರೆದರು: ಸೋಫಿಯಾ. ಇದಕ್ಕೆ ಎಲ್ಲರೂ ಜ್ಞಾನ, ವಿವೇಕ ಎಂದು ಅರ್ಥ ಹೇಳುತ್ತಾರೆ. ಆದರೆ ತೀರಾ ಹಳೆಯ ಕಾಲದಲ್ಲಿ ಈ ಪದ ಬಡಗಿಯ ಕೈಗೆ ಸೇರಿತ್ತು ಎಂದರು. ಹಡಗಿನ ಮರಕ್ಕೆ ನೂಲು ಹಿಡಿದು ನೇರ ಮಾಡುವ ಕಸುಬಿಗೆ ಆ ಪದ. ಆಮೇಲೆ ವಾದ್ಯ ನುಡಿಸುವವನಿಗೆ, ಆಮೇಲೆ ಊರು ಆಳುವವನಿಗೆ, ಕೊನೆಗೆ ಎಲ್ಲದರ ಕಾರಣ ಬಲ್ಲವನಿಗೆ ಅದು ಏರುತ್ತ ಹೋಯಿತಂತೆ.

ನಾನು ಬರೆದುಕೊಳ್ಳುವುದನ್ನು ಬಿಟ್ಟು ತಲೆ ಎತ್ತಿದೆ. ಯಾಕೆಂದರೆ ಆ ನೂಲನ್ನು ನಾನು ಹಿಡಿದಿದ್ದೇನೆ. ನಮ್ಮಪ್ಪ ಧಾರವಾಡದ ಕಡೆಯ ಒಂದು ಸಣ್ಣ ಊರಿನಲ್ಲಿ ಬಡಿಗತನ ಮಾಡುತ್ತಿದ್ದ. ತೊಟ್ಟಿಲು, ಬಾಗಿಲ ಚೌಕಟ್ಟು ಅವನ ಕೆಲಸ. ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ ನೂಲಿನ ಒಂದು ತುದಿ ಅವ್ವನ ಕೈಯಲ್ಲಿ ಅಥವಾ ನನ್ನ ಕೈಯಲ್ಲಿ. ಇನ್ನೊಂದು ತುದಿ ಹಿಡಿದು ಅಪ್ಪ ನೂಲನ್ನು ಮೀಟಿ ಬಿಡುವನು. ಹಲಗೆಯ ಮೇಲೆ ಕೆಂಪು ಗೆರೆ ಮೂಡುತ್ತಿತ್ತು. ಇಲ್ಲಿಗೆ ಬಂದ ಮೇಲೆ ಯಾರಾದರೂ ಕೇಳಿದರೆ ಅಪ್ಪನದು ಫರ್ನಿಚರ್ ಬಿಸಿನೆಸ್ ಎಂದು ಹೇಳಿಕೊಂಡು ತಿರುಗಿದವನು ನಾನು. ಅಪ್ಪ ತೀರಿಕೊಂಡ ಮೇಲೂ ಹಾಗೇ ಹೇಳುತ್ತಿದ್ದೆ. ಈಗ ಸ್ವೆಟರಿನ ಮೇಷ್ಟ್ರು ಬಂದು, ಜಗತ್ತಿನ ವಿವೇಕವೆಲ್ಲ ನಿಮ್ಮಪ್ಪನ ಕೈಯಿಂದ ಹೊರಟಿದ್ದು ಎಂದು ಹೇಳಿದಂತಾಯಿತು. ನಾಚಿಕೆಯೂ ಆಯಿತು, ಜಂಬವೂ ಬಂತು. ಜಂಬ ಜಾಸ್ತಿ ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಹಳೆಯ ಡೆಕ್ ಮಳೆಗೆ ಕೊಳೆತು ಹೋಗಿತ್ತು. ನಾನೇ ಕಟ್ಟುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ನಗರಸಭೆಯ ಪರವಾನಗಿ ಬೇಕಿತ್ತು; ಇದು ಬರೀ ದುರಸ್ತಿ ಎಂದು ನನಗೆ ನಾನೇ ಹೇಳಿಕೊಂಡು ಅದನ್ನು ಹಾರಿಸಿದೆ. ಗರಗಸ ಬಂತು, ಡ್ರಿಲ್ ಬಂತು, ಮರ ಬಂತು. ಐದನೆಯ ವಾರದ ತರಗತಿಗೆ ಹೋಗಲೇ ಇಲ್ಲ, ಕಂಬ ನೆಡುವ ಕೆಲಸವಿತ್ತು. ವಿಡಿಯೋ ನೋಡಿ ನೋಡಿ ಎಲ್ಲ ಕಲಿತೆ. ಹೆಬ್ಬೆರಳಿಗೆ ಸುತ್ತಿಗೆ ಬಿದ್ದಾಗಲೂ ಖುಷಿಯೇ.

ಈಗ ಆ ಒಂದು ತಪ್ಪಿನ ಮಾತು ಹೇಳಬೇಕು. ಡೆಕ್ಕಿನ ಒಂದು ಬದಿ ಕಂಬಗಳ ಮೇಲೆ ನಿಲ್ಲುತ್ತದೆ, ಇನ್ನೊಂದು ಬದಿ ಮನೆಯ ಗೋಡೆಗೆ ಬಿಗಿದ ಒಂದು ಉದ್ದ ಹಲಗೆಯ ಮೇಲೆ. ಆ ಹಲಗೆಯನ್ನು ಗೋಡೆಯ ಒಳಗಿನ ತೊಲೆಗೆ ಬೆರಳುಗಾತ್ರದ ಬೋಲ್ಟುಗಳಿಂದ ಬಿಗಿಯಬೇಕು. ನಾನು ತರಿಸಿದ ಬೋಲ್ಟು ಬರಲು ತಡವಾಯಿತು. ಸುಮ್ಮನೆ ಯಾಕೆ ಕೂರಬೇಕೆಂದು ತೆಳ್ಳನೆಯ ಸ್ಕ್ರೂಗಳಲ್ಲಿ ಸದ್ಯಕ್ಕೆ ಬಿಗಿದೆ. ಬೋಲ್ಟಿನ ಡಬ್ಬ ಬರುವ ಹೊತ್ತಿಗೆ ಮೇಲೆ ಹಲಗೆ ಹಾಸಿ, ಬಣ್ಣ ಬಳಿದು, ಫೋಟೋ ಊರಿನ ಬಂಧುಗಳಿಗೆಲ್ಲ ಕಳಿಸಿಯಾಗಿತ್ತು. ನಿನಗ ಅಪ್ಪನ ಕೈ ಬಂದೈತಿ ಎಂದು ಸೋದರಮಾವ ಬರೆದಿದ್ದ. ಅದೆಲ್ಲ ಬಿಚ್ಚಿ ಮತ್ತೆ ತೂತು ಕೊರೆಯಬೇಕಲ್ಲ ಎಂದು ಡಬ್ಬವನ್ನು ಗ್ಯಾರೇಜಿನಲ್ಲಿಟ್ಟೆ. ಆಮೇಲೆ ಹಾಕಿದರಾಯಿತು ಎಂದುಕೊಂಡೆ.

ಒಂದು ದಿನ ಅವ್ವ ಗ್ಯಾರೇಜಿನಲ್ಲಿ ಆ ಡಬ್ಬ ಕಂಡಳು. "ಇವು ಯಾವದಕ್ಕ ತಂದೀಯೋ?"

"ಡೆಕ್ಕಿಗೆ."

"ಮತ್ತ ಇಲ್ಲೇ ಅದಾವಲ್ಲ?"

"ಹಾಕ್ತೇನವ್ವಾ. ಆಮ್ಯಾಲೆ ಹಾಕ್ತೇನಿ. ಎಲ್ಲಾ ಲೆಕ್ಕಾ ಹಾಕಿ ಮಾಡೇನಿ, ನಿನಗ ಗೊತ್ತಾಗೂದಿಲ್ಲ."

ನಲವತ್ತು ವರ್ಷ ನೂಲಿನ ಇನ್ನೊಂದು ತುದಿ ಹಿಡಿದವಳಿಗೆ ನಾನು ಹೇಳಿದ ಮಾತು ಇದು. ಅವಳು ಡಬ್ಬ ಮುಚ್ಚಿಟ್ಟು ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತೋ ಏನೋ. ನನ್ನ ಹೆಂಡತಿ ಮೈಸೂರಿನ ಕಡೆಯವಳು, ನಮ್ಮ ಪಂಚಮಿಯ ಜೋಕಾಲಿಯನ್ನು ಅವಳು ನೋಡಿಯೇ ಇರಲಿಲ್ಲ. ನಮ್ಮ ಕಡೆ ನಾಗರಪಂಚಮಿಗೆ ಮನೆಮನೆಯಲ್ಲೂ ಬೆಲ್ಲದ ಉಂಡಿ, ಮರಮರಕ್ಕೂ ಜೋಕಾಲಿ, ಹೆಣ್ಣುಮಕ್ಕಳು ಜೀಕಲೇಬೇಕು. ಇಲ್ಲಿಯ ಎತ್ತರದ ಮರಗಳಿಗೆ ಹಗ್ಗ ಹಾಕುವಂಥ ಕೊಂಬೆ ಕೈಗೆ ಸಿಗುವುದಿಲ್ಲ. ಹಾಗಾಗಿ ನಾನು ಡೆಕ್ಕಿನ ಮೇಲೆಯೇ ಎರಡು ಕಂಬ ನಿಲ್ಲಿಸಿ, ಅಡ್ಡ ತೊಲೆ ಹಾಕಿ, ದಪ್ಪ ಹಗ್ಗದ ಜೋಕಾಲಿ ಕಟ್ಟಿದೆ. ಜೋಕಾಲಿ ಹೊರಗೆ ಹೋದಾಗಲೆಲ್ಲ ಇಡೀ ಡೆಕ್ಕನ್ನು ಗೋಡೆಯಿಂದ ಎಳೆಯುತ್ತದೆ ಎಂಬುದು ತಿಳಿಯಲು ಕಾಲೇಜಿಗೆ ಹೋಗಬೇಕಾಗಿರಲಿಲ್ಲ. ಹಬ್ಬದ ನಂತರದ ಶನಿವಾರ ಮಧ್ಯಾಹ್ನಕ್ಕೆ ಹೆಂಡತಿ ಪರಿಚಯದವರನ್ನೆಲ್ಲ ಮಕ್ಕಳ ಸಮೇತ ಕರೆದಳು.

ಆ ವಾರ ನನಗೆ ಹೆದರಿಕೆ ಶುರುವಾಯಿತು. ಮೀಟಿಂಗಿನಲ್ಲಿ ಕೂತಾಗ ಗೋಡೆಯ ಆ ಹಲಗೆ ಕಣ್ಣಮುಂದೆ ಬರುತ್ತಿತ್ತು. ದಿನಾ ಸಂಜೆ ಮನೆಗೆ ಬಂದವನೇ ಗಾಜಿನ ಬಾಗಿಲ ಹೊಸ್ತಿಲ ಹತ್ತಿರ ಬಗ್ಗಿ, ಹೊಸ್ತಿಲಿಗೂ ಡೆಕ್ಕಿಗೂ ನಡುವಿನ ಸಂದಿಗೆ ಉಗುರು ತೂರಿಸಿ ನೋಡುತ್ತಿದ್ದೆ. ಹೋಗುತ್ತಿರಲಿಲ್ಲ. ಶುಕ್ರವಾರ ಸ್ವಲ್ಪ ಹೋದ ಹಾಗಾಯಿತು. ಬಿಸಿಲಿಗೆ ಮರ ಒಣಗಿದೆ ಎಂದು ಸಮಾಧಾನ ಮಾಡಿಕೊಂಡೆ. ಡಬ್ಬ ಗ್ಯಾರೇಜಿನಲ್ಲಿತ್ತು, ಒಂದು ಇಡೀ ಸಂಜೆ ನನ್ನ ಕೈಯಲ್ಲಿತ್ತು. ನಾಳೆ ಬರುವವರ ಮುಂದೆ ಕಿತ್ತುಹಾಕಿದ ಡೆಕ್ ತೋರಿಸುವುದು ಹೇಗೆ ಎಂದು ನಾಚಿಕೆಪಟ್ಟು, ಉಂಡಿ ಕಟ್ಟುವವರ ಜೊತೆ ಹೋಗಿ ಕೂತೆ.

ಶನಿವಾರ ಇಪ್ಪತ್ತು ಜನ ಬಂದರು. ಹೆಂಗಸರು ಹತ್ತು ಮಂದಿ ಸೀರೆ ಉಟ್ಟುಕೊಂಡು ನೇರ ಡೆಕ್ಕಿಗೇ ಹೋದರು. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ತುಂಬಿದ ತಾಟುಗಳನ್ನು ಅಲ್ಲೇ ಮೇಜಿನ ಮೇಲಿಟ್ಟರು. ಅವ್ವ ತನ್ನ ಕುರ್ಚಿಯಿಂದ ಎದ್ದು ಹೊಸ್ತಿಲಿನ ಒಳಗಡೆ ನಿಂತಳು. ಎಲ್ಲರಿಗೂ ಕೇಳುವಂತೆ ನನಗೆ ಹೇಳಿದಳು:

"ಕಟ್ಟಿದಾವ ಮೊದಲ ಜೀಕಬೇಕೋ ತಮ್ಮಾ. ನೀ ಹತ್ತು."

ಇದು ಅಪ್ಪನ ಪದ್ಧತಿ. ಪಂಚಮಿಗೆ ಓಣಿಯವರೆಲ್ಲ ಜೋಕಾಲಿ ಕಟ್ಟಿಕೊಡಲು ಅವನನ್ನೇ ಕರೆಯುತ್ತಿದ್ದರು. ಅಪ್ಪ ಧಡೂತಿ ಆಳು. ಕಟ್ಟಿದ ಮೇಲೆ ಮೊದಲು ತಾನೇ ಹತ್ತಿ, ಹಗ್ಗ ಕಿರುಗುಟ್ಟುವ ಹಾಗೆ ಜೀಕಿ, ಆಮೇಲೆ ಇಳಿದು ಹುಡುಗಿಯರನ್ನು ಕರೆಯುತ್ತಿದ್ದ. ತೊಟ್ಟಿಲಿಗೂ ಹಾಗೆಯೇ, ಅದರ ಸರಪಳಿಗೆ ತಾನು ಜೋತುಬಿದ್ದು ನೋಡದೆ ಯಾರ ಕೂಸನ್ನೂ ಹಾಕಲು ಬಿಡುತ್ತಿರಲಿಲ್ಲ. ನಾವು ಮಕ್ಕಳು ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದೆವು.

"ನನಗ ಬೆನ್ನ ನೋವೈತಿ ಅವ್ವಾ" ಎಂದೆ.

ಎಲ್ಲರೂ ನಕ್ಕರು. ಬೆನ್ನು ನೋವಿರಲಿಲ್ಲ. ನನಗೆ ಆ ಜೋಕಾಲಿ ಹತ್ತಲು ಹೆದರಿಕೆಯಿತ್ತು. ನಾನು ಹತ್ತಲು ಹೆದರಿದ್ದನ್ನು ಬೇರೆಯವರು ಹತ್ತಲಿ ಎಂದು ಬಿಟ್ಟು ಸುಮ್ಮನೆ ನಿಂತೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಅಷ್ಟರಲ್ಲಿ ನನ್ನ ಒಂಬತ್ತು ವರ್ಷದ ಮಗಳು ನುಗ್ಗಿ ಬಂದು ಜೋಕಾಲಿಯ ಹಲಗೆಯ ಮೇಲೆ ನಿಂತೇಬಿಟ್ಟಳು. ಅವಳ ಗೆಳತಿಯೊಬ್ಬಳು ಹಿಂದೆ ನಿಂತು ತೂಗತೊಡಗಿದಳು.

ಮೊದಲ ನಾಲ್ಕು ಸಲ ಏನೂ ಆಗಲಿಲ್ಲ. ಐದನೆಯ ಸಲ ಹಲ್ಲು ಕಡಿದಂಥ ಸದ್ದು ಬಂತು. ಯಾರಿಗೂ ಕೇಳಲಿಲ್ಲ, ಎಲ್ಲರೂ ಹಾಡುತ್ತಿದ್ದರು. ನನಗೆ ಕೇಳಿತು. ತಾಟಿನಿಂದ ಉಂಡಿಯೊಂದು ಬಿದ್ದು ಒಡೆಯಿತು. ಒಂದು ಶೇಂಗಾ ಕಾಳು ಉರುಳಿಕೊಂಡು ಹೊಸ್ತಿಲ ಕಡೆ ಬಂದು, ಹಿಂದಿನ ದಿನ ನನ್ನ ಉಗುರು ಸರಿಯಾಗಿ ಹೋಗದಿದ್ದ ಸಂದಿಯಲ್ಲಿ ಸಲೀಸಾಗಿ ಇಳಿದುಹೋಯಿತು. ಮಗಳ ಲಂಗ ಹೊರಗೆ ಹಾರಿ ಹೋಗಿ ಒಳಗೆ ಬರುತ್ತಿತ್ತು. ಹೊರಗೆ ಹೋದಾಗ ಅವಳ ಕೆಳಗೆ ಕಟಕಟೆ, ಅದರಾಚೆ ಹತ್ತಡಿ. ಸಂದಿ ಅವಳ ಜೊತೆಗೇ ಅಗಲವಾಗಿ, ಕಿರಿದಾಗಿ, ಮತ್ತೆ ಅಗಲವಾಗುತ್ತಿತ್ತು.

ಸತ್ಯ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ಕಣಜ! ಡೆಕ್ಕಿನ ಅಡಿಯಲ್ಲಿ ಕಣಜದ ಗೂಡಿದೆ, ಎಲ್ಲರೂ ಒಳಗೆ ಬನ್ನಿ!"

ಆಗಸ್ಟಿನಲ್ಲಿ ಇಲ್ಲಿ ಕಣಜಗಳ ಕಾಟ ಎಲ್ಲರಿಗೂ ಗೊತ್ತು. ಹೆಂಗಸರು ಸೀರೆ ಎತ್ತಿಕೊಂಡು ಒಳಗೆ ಓಡಿದರು, ಮಗಳು ಜೋಕಾಲಿಯಿಂದ ಹಾರಿ ಬಂದಳು. ನಾನು ಒಬ್ಬೊಬ್ಬರನ್ನೇ ಎಣಿಸಿದೆ. ಎಲ್ಲರೂ ಒಳಗಿದ್ದರು. ಫ್ರಿಜ್ಜಿಗೆ ಒರಗಿ ನಿಂತು ಇನ್ನೊಮ್ಮೆ ಎಣಿಸಿದೆ.

"ಸರಿಯಾದ ಟೈಮ್‌ಗೆ ನೋಡಿದ್ರಿ ಸರ್, ಮಕ್ಳಿಗೆ ಕಚ್ಚಿದ್ರೆ ಏನ್ ಗತಿ" ಎಂದು ಒಬ್ಬರು ಹೇಳಿದರು. ನನಗೆ ಎಷ್ಟು ಹಿತವಾಯಿತೆಂದರೆ, ಹೌದು ಹೌದು ಎಂದು ತಲೆಯಾಡಿಸಿದೆ. ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಆ ಹಿತ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಉಳಿಯಿತು. ಪಕ್ಕದ ಮನೆಯ ತೆಲುಗಿನವರು ಬಹಳ ಉಪಕಾರಿ ಮನುಷ್ಯ. ಕಣಜ ಎಂದು ಕೇಳಿದ್ದೇ ತಮ್ಮ ಮನೆಗೆ ಹೋಗಿ ಸ್ಪ್ರೇ ತಂದರು. ನಾನು ತಿರುಗಿ ನೋಡುವುದರೊಳಗೆ ಅವರೂ ಇನ್ನಿಬ್ಬರು ಗಂಡಸರೂ ಡೆಕ್ಕಿನ ಮೇಲಿದ್ದರು. ಗೂಡು ಎಲ್ಲಿದೆ ಎಂದು ತಿಳಿಯಲು ಹಲಗೆಗಳನ್ನು ಕಾಲಿನಿಂದ ಧಪ್ ಧಪ್ ಎಂದು ತುಳಿಯುತ್ತಿದ್ದರು. ಬನ್ನಿ ಬನ್ನಿ ಎಂದು ಕರೆಯುತ್ತ ಕಿಟಕಿಯಿಂದ ಕೆಳಗೆ ನೋಡಿದೆ. ಹುಲ್ಲಿನ ಮೇಲೆ ಮಕ್ಕಳ ಚಪ್ಪಲಿಗಳಿದ್ದವು, ಮಕ್ಕಳು ಅಲ್ಲೂ ಇರಲಿಲ್ಲ, ಒಳಗೂ ಇರಲಿಲ್ಲ.

ಗೂಡು ಡೆಕ್ಕಿನ ಅಡಿಯಲ್ಲಿದೆ ಎಂದು ಹೇಳಿದವನು ನಾನೇ. ಮಕ್ಕಳು ಬೇಸ್‌ಮೆಂಟಿನ ಬಾಗಿಲಿನಿಂದ ಹೊರಗೆ ಹೋಗಿ, ಗೂಡು ನೋಡಲು ಡೆಕ್ಕಿನ ಅಡಿಗೇ ನುಗ್ಗಿದ್ದರು.

ಆಮೇಲೆ ಏನು ಕೂಗಿದೆ ಎಂದು ನನಗೆ ಸರಿಯಾಗಿ ನೆನಪಿಲ್ಲ, ಹೆಂಡತಿ ಹೇಳಿದ್ದು. "ಗೂಡಿಲ್ಲೋ! ಸುಳ್ಳ ಹೇಳೇನಿ! ನಾ ಕಟ್ಟಿದ್ದು ಭದ್ರ ಇಲ್ಲ, ಬೀಳತೈತಿ, ಬರ್ರಿ ಹೊರಗ!" ತೆಲುಗಿನವರಿಗೆ ಅದು ಅರ್ಥವಾಗಲಿಲ್ಲ, ಮಕ್ಕಳಿಗೂ ಅರ್ಧ ಅರ್ಥವಾಯಿತು. ಮತ್ತೆ ಅದನ್ನೇ ಇಂಗ್ಲಿಷಿನಲ್ಲಿ ಕೂಗಿದೆನಂತೆ. ಮೆಟ್ಟಿಲಿಳಿದು ಓಡಿ ಡೆಕ್ಕಿನ ಅಡಿಗೆ ಹೋದೆ. ಆರು ಮಕ್ಕಳು ತಲೆಯೆತ್ತಿ ನೋಡುತ್ತ ನಿಂತಿದ್ದರು, ನನ್ನ ಮಗಳ ಕೈಯಲ್ಲಿ ಬ್ಯಾಡ್ಮಿಂಟನ್ ರಾಕೆಟ್ ಇತ್ತು. ಮೇಲೆ ಒಬ್ಬರ ಹೆಜ್ಜೆ ಇನ್ನೂ ಸದ್ದು ಮಾಡುತ್ತಿತ್ತು. ಗೋಡೆಗೂ ಹಲಗೆಗೂ ನಡುವೆ, ಕತ್ತಲೆಯಿರಬೇಕಾದ ಕಡೆ, ಉದ್ದಕ್ಕೂ ಬಿಸಿಲಿನ ಒಂದು ಗೆರೆ ಕಾಣುತ್ತಿತ್ತು. ನಾನು ಮಕ್ಕಳನ್ನು ರಟ್ಟೆ ಹಿಡಿದು ಹೊರಗೆಳೆದೆ, ಒಂದು ಮಗುವಿನ ಕೈಗೆ ನನ್ನ ಬೆರಳ ಗುರುತು ಮೂಡಿತು. ಹೊರಗೆ ಬಂದು ಹುಲ್ಲಿನ ಮೇಲೆ ಕೂತು ಅತ್ತೆ.

ಡೆಕ್ ಬೀಳಲಿಲ್ಲ. ಅವತ್ತೂ ಬೀಳಲಿಲ್ಲ, ಆಮೇಲೂ ಬೀಳಲಿಲ್ಲ. ಬಂದವರು ಮರ್ಯಾದೆಯಿಂದ ಉಂಡಿ ಕಟ್ಟಿಸಿಕೊಂಡು ಬೇಗ ಹೊರಟರು. ಬೆರಳ ಗುರುತು ಬಿದ್ದ ಮಗುವಿನ ತಾಯಿ ನನ್ನ ಮುಖ ನೋಡಲಿಲ್ಲ. ಹೆಂಡತಿ ಪಾತ್ರೆ ತೊಳೆದು ಮುಗಿಸಿ, ಒಂದೇ ಮಾತು ಹೇಳಿದಳು. "ಅವಳು ಜೋಕಾಲಿ ಮೇಲಿದ್ಲು ಕಣ್ರೀ. ನೀವು ನೋಡ್ತಾ ನಿಂತಿದ್ರಿ."

ಮಗಳು ಸೋಫಾದ ಮೂಲೆಯಲ್ಲಿ ಕೂತಿದ್ದಳು. "ಅಪ್ಪ, ಡಿಡ್ ಯು ನೋ?" ಎಂದಳು.

"ಹೌದು ಪುಟ್ಟಿ. ಗೊತ್ತಿತ್ತು."

"ವೆನ್ ಐ ವಾಸ್ ಆನ್ ಇಟ್?"

"ಹೌದು."

ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಸರಿ ಎಂದು ತಲೆಯಾಡಿಸಿ, ಕಾಲು ಮೇಲೆಳೆದುಕೊಂಡು ಪುಸ್ತಕ ಓದತೊಡಗಿದಳು. ಅವಳ ಆ ತಲೆಯಾಡಿಕೆಗೆ ಹೆದರಿದಷ್ಟು ಬೀಳುವ ಡೆಕ್ಕಿಗೂ ಹೆದರಿರಲಿಲ್ಲ ನಾನು.

ಮರುದಿನ ಗ್ಯಾರೇಜಿನಲ್ಲಿ ಅವ್ವನ ಮೇಲೆ ರೇಗಿದೆ. ನಿನಗೆ ತಿಳಿದಿತ್ತಲ್ಲ, ಯಾಕೆ ಜೋರಾಗಿ ಹೇಳಲಿಲ್ಲ ಎಂದೆ. ತಪ್ಪು ಯಾರ ಮೇಲಾದರೂ ಹಾಕಬೇಕಿತ್ತು ನನಗೆ.

"ಹೌದೋ, ನಂದೂ ತಪ್ಪ" ಎಂದಳು ಅವ್ವ. "ನಿನಗ ಗೊತ್ತಾಗೂದಿಲ್ಲ ಅಂದಿ ನೋಡು, ಅವತ್ತಿಂದ ಬಾಯಿ ಮುಚ್ಚಿದೆ. ಜೋಕಾಲಿ ಹತ್ತಂದ್ರ ನೀನಾ ಹೆದರಿ ಬಿಚ್ಚತೀ ಅಂದಕೊಂಡಿದ್ದೆ."

"ಅಪ್ಪ ಹೆದರತಿದ್ದಿಲ್ಲ. ಎಲ್ಲಾರ ಮುಂದ ನಕ್ಕೋತ ಹತ್ತತಿದ್ದ."

ಅವ್ವ ಡಬ್ಬದ ಮುಚ್ಚಳದ ಧೂಳನ್ನು ಸೆರಗಿನಿಂದ ಒರೆಸಿದಳು. "ಯಾರ ಹೇಳ್ಯಾರ? ಪಂಚಮಿ ಬಂತಂದ್ರ ಮೂರ ದಿನ ಅವಗ ಊಟ ಸೇರತಿದ್ದಿಲ್ಲ. ತೊಟ್ಟಿಲಾ ಒಯ್ದ ಮ್ಯಾಲೂ, ಕೊಂಡಿ ನೋಡಿ ಬರ್ತೇನಿ ಅಂತ ಅವರ ಮನೀಗೆ ಹೋಗತಿದ್ದ. ಹೆದರಿಕಿ ಇತ್ತಂತನಾ ಹತ್ತತಿದ್ದ."

ಅಪ್ಪ ಬದುಕಿದ್ದಷ್ಟು ದಿನ ಅವನ ಕೈ ನೋಡಿದ್ದೆ. ಆ ಕೈಯೊಳಗೆ ಹೆದರಿಕೆ ಇತ್ತೆಂದು ನನಗೆ ತಿಳಿದಿರಲಿಲ್ಲ.

ಸೆಪ್ಟೆಂಬರಿನಲ್ಲಿ, ಪರವಾನಗಿ ತೆಗೆದುಕೊಂಡ ಮೇಲೆ, ಲಿನ್‌ವುಡ್‌ನಿಂದ ಒಬ್ಬ ಬಡಗಿ ಬಂದಳು. ನರೆತ ಕೂದಲಿನ ಹೆಂಗಸು, ಮಾತು ಕಡಿಮೆ. ಹಲಗೆ ಬಿಚ್ಚಿದಾಗ ಮೂರು ಸ್ಕ್ರೂಗಳು ಮುರಿದಿದ್ದವು. ನಾಲ್ಕನೆಯದನ್ನು ಅವಳು ಎರಡು ಬೆರಳಲ್ಲಿ ಎಳೆದು ತೆಗೆದು ನನ್ನ ಅಂಗೈಗೆ ಹಾಕಿದಳು. ಗೋಡೆಯ ಮೇಲೆ ಗೆರೆ ಹಾಕಲು ನೂಲಿನ ಒಂದು ತುದಿ ನನಗೆ ಕೊಟ್ಟಳು. ಇಲ್ಲಿ ಅದಕ್ಕೆ ನೀಲಿ ಪುಡಿ ಹಚ್ಚುತ್ತಾರೆ. ನಾನು ಬಿಗಿಯಾಗಿ ಹಿಡಿದೆ. ಇನ್ನೂ ಬಿಗಿಯಾಗಿ ಹಿಡಿ ಎಂದಳು.

ಆ ವಾರವೇ ಇನ್‌ಬಾಕ್ಸಿನಲ್ಲಿ ತೆರೆಯದೆ ಬಿಟ್ಟಿದ್ದ ಐದನೆಯ ವಾರದ ತರಗತಿಯ ಟಿಪ್ಪಣಿ ಓದಿದೆ. ಸೋಫಿಯಾ ಎಂಬ ಪದ ಏರಿದಷ್ಟೇ ಇಳಿಯಿತೆಂದು ಮೇಷ್ಟ್ರು ಬರೆದಿದ್ದರು. ಅದು ಜಾಣತನ, ಚಾಲಾಕುತನ ಎನ್ನುವುದಕ್ಕೂ ನಡೆಯುತ್ತಿತ್ತು. ಅದರಿಂದಲೇ ಹುಟ್ಟಿದ ಸೋಫಿಸ್ಟ್ ಎಂಬ ಇನ್ನೊಂದು ಪದ, ಯಾವುದನ್ನು ಬೇಕಾದರೂ ಮಾತಿನಲ್ಲಿ ನಿಲ್ಲಿಸಿ ತೋರಿಸುವವರಿಗೆ ಬೈಗುಳವಾಯಿತು. ಕಣಜದ ಗೂಡನ್ನು ನಾನು ಮಾತಿನಲ್ಲೇ ಕಟ್ಟಿದ್ದೆ. ಡೆಕ್ಕಿಗಿಂತ ಅದನ್ನೇ ಎಲ್ಲರೂ ಬೇಗ ನಂಬಿದ್ದರು.

ಅವ್ವ ಊರಿಗೆ ಹೊರಡುವ ಮುಂಚಿನ ದಿನ ಬೆಳಿಗ್ಗೆ ಚಹಾದ ಲೋಟ ಹಿಡಿದು ಡೆಕ್ಕಿಗೆ ಬಂದಳು. ಎರಡು ಸಲ ಕಾಲಿನಿಂದ ತಟ್ಟಿ ನೋಡಿ, ಕೂತು ಕುಡಿದಳು. ನನಗೆ ಅಷ್ಟು ಸಂತೋಷವಾದದ್ದು ಬೇರೆ ಯಾವಾಗಲೂ ನೆನಪಿಲ್ಲ.

ಅವಳು ಹೋದ ಮೇಲೆ ಒಂದು ಭಾನುವಾರ ಬಿಸಿಲಿತ್ತು. ಬಡಗಿ ಹೊಸದಾಗಿ ಬಿಗಿದುಕೊಟ್ಟ ತೊಲೆಗೆ ಹಗ್ಗ ಹಾಕಿ ಜೋಕಾಲಿ ಕಟ್ಟಿ, ಮಗಳನ್ನು ಕರೆದೆ. ಅವಳು ಗಾಜಿನ ಬಾಗಿಲವರೆಗೆ ಬಂದಳು. ಅಜ್ಜಿಯ ಕುರ್ಚಿ ಇನ್ನೂ ಅಲ್ಲೇ ಇತ್ತು, ಅದರಲ್ಲಿ ಕೂತಳು.

"ಬಾ ಪುಟ್ಟಿ. ಈಗ ಭದ್ರ ಐತಿ."

"ಯು ಫಸ್ಟ್" ಎಂದಳು.

ನಾನು ಹತ್ತಿದೆ. ಹೊಸ ಬೋಲ್ಟು ಹಾಕಿದ್ದನ್ನು ನನ್ನ ಕಣ್ಣಾರೆ ನೋಡಿದ್ದರೂ ಹೆದರಿಕೆ ಹೋಗಿರಲಿಲ್ಲ. ಕಾಲಿನಿಂದ ತಳ್ಳಿ, ಇಡೀ ಭಾರ ಹಾಕಿ, ಹಗ್ಗ ಕಿರುಗುಟ್ಟುವ ಹಾಗೆ ಜೀಕಿದೆ. ಒಂದು ಸಲ, ಹತ್ತು ಸಲ, ಇಪ್ಪತ್ತು ಸಲ. ಮಗಳು ನನ್ನ ಕಡೆ ನೋಡುತ್ತಿರಲಿಲ್ಲ. ಕುರ್ಚಿಯಿಂದ ಮುಂದಕ್ಕೆ ಬಗ್ಗಿ, ಹೊಸ್ತಿಲ ಹತ್ತಿರದ ಸಂದಿಯನ್ನೇ ನೋಡುತ್ತಿದ್ದಳು.